ಅರೆತಲೆಯ ನೋವು, ಅಂಗಾಲಿನ ಮದ್ದು

ಅರಬ್ಬಿ ಭಾಷೆಯ ‘ಶಕೀಕಾ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಒಡಹುಟ್ಟಿದ ಸೋದರಿ. ಇನ್ನೊಂದು, ತಲೆಯ ಒಂದೇ ಪಕ್ಕವನ್ನು ಹಿಡಿದು ಹಿಂಡುವ ನೋವು. ಎರಡೂ ಹುಟ್ಟಿದ್ದು ಸೀಳು, ಹೋಳು ಎಂಬರ್ಥದ ಒಂದೇ ಧಾತುವಿನಿಂದ. ಒಂದೇ ಬಸಿರಿನ ಹೋಳು ಎಂಬ ಅರ್ಥದಲ್ಲಿ ಸೋದರಿ. ತಲೆಯ ಒಂದು ಹೋಳಿನಲ್ಲಿ ಬಂದು ಕೂರುವುದು ಎಂಬ ಅರ್ಥದಲ್ಲಿ ನೋವು. ಉರ್ದು ಓದಿದವರು ಇದನ್ನೇ ‘ದರ್ದೆ ಶಕೀಕಾ’ ಎನ್ನುತ್ತಾರೆ. ಓದದವರು, ಅಂದರೆ ನಮ್ಮ ಮನೆಗಳ ಅಜ್ಜಿಯರು, ‘ಆಧಾ ಸೀಸಿ’ ಎನ್ನುತ್ತಾರೆ. ಕನ್ನಡದಲ್ಲಿ ಅರೆತಲೆನೋವು, ಆಯುರ್ವೇದದಲ್ಲಿ ಅರ್ಧಾವಭೇದಕ. ಗ್ರೀಕ್ ವೈದ್ಯ ಗ್ಯಾಲನ್ ಇದನ್ನು ‘ಹೆಮಿಕ್ರೇನಿಯಾ’ ಎಂದ, ಅಂದರೆ ಅರ್ಧ ಬುರುಡೆ. ಆ ಪದ ಲ್ಯಾಟಿನ್ನಿನಲ್ಲಿ ಸವೆದು, ಫ್ರೆಂಚಿನಲ್ಲಿ ತನ್ನ ತಲೆಯ ಅಕ್ಷರವನ್ನೇ ಕಳೆದುಕೊಂಡು ‘ಮೈಗ್ರೇನ್’ ಆಗಿ, ಇಂಗ್ಲಿಷಿನ ಮೂಲಕ ನಮ್ಮ ಔಷಧಿ ಅಂಗಡಿಗಳವರೆಗೆ ಬಂದಿದೆ. ಒಂದು ಕಾಯಿಲೆಯ ಹೆಸರಿನ ವಿಷಯದಲ್ಲಿ ಇಷ್ಟೊಂದು ಭಾಷೆಗಳು ಒಮ್ಮತಕ್ಕೆ ಬಂದಿರುವುದು ಅಪರೂಪ.

ಸೋದರಿಗೂ ಈ ನೋವಿಗೂ ಒಂದೇ ಹೆಸರಿಟ್ಟವರು ಉದ್ದೇಶಪಟ್ಟು ಹಾಗೆ ಮಾಡಿದ್ದಲ್ಲ. ಆದರೂ ಹೆಸರು ಸರಿಯಾದ ಬಾಗಿಲಿಗೇ ಹೋಗಿ ನಿಂತಿದೆ. ಹುಡುಗ ಹುಡುಗಿಯರಲ್ಲಿ ಚಿಕ್ಕಂದಿನಲ್ಲಿ ಮೈಗ್ರೇನ್ ಹೆಚ್ಚುಕಡಿಮೆ ಸಮಸಮವಾಗಿರುತ್ತದೆ. ಹುಡುಗಿ ದೊಡ್ಡವಳಾದ ಮೇಲೆ ತಕ್ಕಡಿ ವಾಲುತ್ತದೆ. ಪ್ರಾಯದ ವರ್ಷಗಳಲ್ಲಿ ಗಂಡಸರಿಗಿಂತ ಎರಡರಿಂದ ಮೂರು ಪಟ್ಟು ಹೆಂಗಸರು ಇದನ್ನು ಅನುಭವಿಸುತ್ತಾರೆ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ನಿಮ್ಹಾನ್ಸ್ ತಜ್ಞರು ಸಿದ್ಧಪಡಿಸಿದ ವರದಿ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಂಡವರು ಶೇಕಡಾ 25.2. ನಾಲ್ವರಲ್ಲಿ ಒಬ್ಬರು! ಅವರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು; ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ‘ತಲೆನೋವು ಪೇಟೆಯ ಹೆಂಗಸರ ಶೋಕಿ’ ಎನ್ನುವವರು ಈ ಎರಡನೆಯ ಮಾತನ್ನು ಎರಡು ಸಲ ಓದಬೇಕು.

ಈಗ ಈ ನೋವಿಗೆ ಒಂದು ಹೊಸ ಉಪಚಾರದ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಅದು ಪಾದದ ರಿಫ್ಲೆಕ್ಸಾಲಜಿ. ಅಂಗಾಲಿನಲ್ಲಿ ಇಡೀ ದೇಹದ ನಕ್ಷೆಯಿದೆ, ಹೆಬ್ಬೆರಳೇ ತಲೆ, ಅದನ್ನು ಕ್ರಮವಾಗಿ ಒತ್ತಿದರೆ ತಲೆನೋವು ಇಳಿಯುತ್ತದೆ ಎಂಬುದು ಅದರ ಸಾರ. ಮಾಲುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ, ಮಹಿಳಾ ಪುರವಣಿಗಳಲ್ಲಿ ಅದರ ಬಣ್ಣಬಣ್ಣದ ಅಂಗಾಲಿನ ಚಿತ್ರ ನೋಡದವರಿಲ್ಲ. ಚಿತ್ರದ ಕೆಳಗೆ ‘ಐದು ಸಾವಿರ ವರ್ಷಗಳ ಪ್ರಾಚೀನ ವಿದ್ಯೆ’ ಎಂಬ ಒಕ್ಕಣೆ ಇದ್ದೇ ಇರುತ್ತದೆ. ಒಮ್ಮೆ ಈಜಿಪ್ಟಿನದು ಎನ್ನುತ್ತಾರೆ, ಒಮ್ಮೆ ಚೀನಾದ್ದು. ಈ ಒಕ್ಕಣೆಯೇ ನಮ್ಮ ಕುತೂಹಲ ಕೆರಳಿಸಿತು. ತಲೆ ನೋಯುವ ಹೆಣ್ಣಿನ ಪಾದಕ್ಕೆ ಚರಿತ್ರೆಯಲ್ಲಿ ಯಾರು ಯಾರು ಕೈ ಹಚ್ಚಿದರು? ಏಕೆ ಹಚ್ಚಿದರು?

ಮೊದಲು ತಲೆಯ ಕಡೆಯಿಂದಲೇ ಹೊರಡೋಣ. ತಲೆಗೆ ಆದ ಉಪಚಾರಗಳನ್ನು ತಿಳಿಯದೆ ಪಾದದ ಉಪಚಾರದ ಬೆಲೆ ತಿಳಿಯುವುದಿಲ್ಲ. ಹತ್ತನೆಯ ಶತಮಾನದ ಅಂದಲೂಸಿನಲ್ಲಿ, ಕುರ್ತುಬಾದ ಹತ್ತಿರ, ಅಬುಲ್ ಕಾಸಿಮ್ ಅಝ್ಝಹ್ರಾವಿ ಎಂಬ ಮಹಾನ್ ಶಸ್ತ್ರವೈದ್ಯರಿದ್ದರು. ಅವರ ‘ಅತ್ತಸ್ರೀಫ್’ ಮೂವತ್ತು ಭಾಗಗಳ ಗ್ರಂಥ. ಶಸ್ತ್ರಚಿಕಿತ್ಸೆಯ ಕೊನೆಯ ಭಾಗ ಲ್ಯಾಟಿನ್ನಿಗೆ ಅನುವಾದವಾಗಿ ಶತಮಾನಗಳ ಕಾಲ ಯುರೋಪಿನ ವೈದ್ಯರ ಕೈಪಿಡಿಯಾಗಿತ್ತು. ಅದರಲ್ಲಿ ಶಕೀಕಾಕ್ಕೆ ಒಂದು ಚಿಕಿತ್ಸೆಯಿದೆ. ಹಣೆಯ ಪಕ್ಕದಲ್ಲಿ, ನೋವು ಇರುವ ಕಡೆ ಚರ್ಮವನ್ನು ಕೊಯ್ದು ಒಳಗೆ ಜಾಗ ಮಾಡಿ, ಸುಲಿದ ಒಂದು ಬೆಳ್ಳುಳ್ಳಿ ಎಸಳನ್ನು ಇಟ್ಟು ಬಿಗಿಯಾಗಿ ಕಟ್ಟಬೇಕು. ಕೆಲವು ಗಂಟೆಗಳ ನಂತರ ತೆಗೆದು, ಗಾಯ ಕೀವಾದ ಮೇಲೆ ಕಾದ ಕಬ್ಬಿಣದಿಂದ ಸುಡಬೇಕು. ಇದನ್ನು ಓದಿ ನಗುವ ಹಕ್ಕು ನಮಗಿಲ್ಲ. ಕಾಮಾಲೆಗೆ, ಮೂರ್ಛೆಗೆ ಬರೆ ಹಾಕಿಸಿಕೊಂಡವರು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಬದುಕಿದ್ದಾರೆ. ಒಂದು ದೊಡ್ಡ ನೋವನ್ನು ಇನ್ನೊಂದು ದೊಡ್ಡ ನೋವಿನಿಂದ ಹೊಡೆದೋಡಿಸುವ ಯೋಚನೆ ಅದು. ಝಹ್ರಾವಿಯಂಥ ಜ್ಞಾನಿಯೇ ಇಷ್ಟು ದೂರ ಹೋಗಬೇಕಾಯಿತೆಂದರೆ ಎದುರಿಗೆ ಕುಳಿತಿದ್ದ ರೋಗಿ ಎಷ್ಟು ಹತಾಶಳಾಗಿದ್ದಿರಬೇಕು ಎಂದು ಊಹಿಸಬಹುದು.

ಆದರೆ ಯುನಾನಿ ವೈದ್ಯದಲ್ಲಿ ಇದಕ್ಕಿಂತ ಸೌಮ್ಯವಾದ ಇನ್ನೊಂದು ದಾರಿಯೂ ಇತ್ತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಏರುಪೇರೇ ರೋಗ ಎಂಬುದು ಗ್ಯಾಲನ್ನನಿಂದ ಇಬ್ನ್ ಸೀನಾವರೆಗೆ ಬಂದ ತಿಳಿವಳಿಕೆ. ದೇಹದ ಒಂದು ಕಡೆ ಕೆಟ್ಟ ರಸ ತುಂಬಿಕೊಂಡರೆ ಅದನ್ನು ಬೇರೆ ಕಡೆಗೆ ಸೆಳೆಯುವುದಕ್ಕೆ ‘ಇಮಾಲಾ’ ಎನ್ನುತ್ತಾರೆ. ತಲೆಯಲ್ಲಿ ತುಂಬಿಕೊಂಡಿದ್ದನ್ನು ಎಲ್ಲಿಗೆ ಸೆಳೆಯಬೇಕು? ತಲೆಯಿಂದ ಅತಿ ದೂರದ ಜಾಗಕ್ಕೆ, ಅಂದರೆ ಪಾದಕ್ಕೆ. ಹೀಗೆ ಹುಟ್ಟಿದ್ದು ‘ಪಾಶೋಯಾ’. ಫಾರಸಿಯಲ್ಲಿ ಪಾ ಎಂದರೆ ಪಾದ, ಶೋಯಾ ಎಂದರೆ ತೊಳೆಯುವುದು. ಬಿಸಿನೀರಿಗೆ ಗಿಡಮೂಲಿಕೆ ಹಾಕಿ ಕುದಿಸಿ, ಹದವಾಗಿ ಆರಿಸಿ, ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ನೀರೆರೆಯುತ್ತ ಮೇಲಿನಿಂದ ಕೆಳಕ್ಕೆ ಉಜ್ಜುವುದು. ಜೊತೆಗೆ ‘ದಲ್ಕ್’, ಅಂದರೆ ಮಾಲೀಸು. ಬೇಕಾದರೆ ಮೀನಖಂಡಕ್ಕೆ ಹಿಜಾಮಾ. ತಲೆನೋವಿಗೆ ಹಕೀಮರು ಕಾಲಿನ ಕಡೆ ಕೂತರೆ ಅದು ಅವರಿಗೆ ವಿಚಿತ್ರವೇ ಅಲ್ಲ.

ಇನ್ನೊಂದು ಮಾತೂ ಇಲ್ಲಿ ಹೇಳಬೇಕು. ಬೇರೊಂದು ಅಂಗದ ಜೊತೆ ಭಾಗಿಯಾಗಿ ಬರುವ ತಲೆನೋವು ಎಂಬ ಒಂದು ವರ್ಗವನ್ನೇ ಯುನಾನಿ ಗ್ರಂಥಗಳು ಮಾಡಿವೆ. ಆ ಅಂಗಗಳಲ್ಲಿ ಹೊಟ್ಟೆಯೂ ಇದೆ, ಗರ್ಭಕೋಶವೂ ಇದೆ. ಹೆಣ್ಣಿನ ಮುಟ್ಟಿಗೂ ತಲೆನೋವಿಗೂ ಏನೋ ನಂಟಿದೆ ಎಂಬುದನ್ನು ಅವರು ಗಮನಿಸಿದ್ದರು. ಕಾರಣ ಹೇಳಿದ್ದು ಆವಿಯ ಲೆಕ್ಕದಲ್ಲಿ. ಇಂದಿನ ವಿಜ್ಞಾನ ಹೇಳುವುದು ಈಸ್ಟ್ರೋಜನ್ ಎಂಬ ಹಾರ್ಮೋನಿನ ಇಳಿತದ ಲೆಕ್ಕದಲ್ಲಿ. ವಿವರಣೆ ಬಿದ್ದುಹೋಯಿತು, ಗಮನಿಸಿದ್ದು ಮಾತ್ರ ನಿಂತಿತು.

ಈ ನೆಲದ ಇನ್ನೊಂದು ವೈದ್ಯವೂ ಪಾದವನ್ನು ಮರೆತಿರಲಿಲ್ಲ. ವಾಗ್ಭಟ ‘ಅಷ್ಟಾಂಗಹೃದಯ’ದಲ್ಲಿ ದಿನಚರಿ ಹೇಳುವಾಗ ಎಣ್ಣೆಯನ್ನು ಮುಖ್ಯವಾಗಿ ತಲೆಗೆ, ಕಿವಿಗೆ, ಪಾದಕ್ಕೆ ಹಚ್ಚಬೇಕೆನ್ನುತ್ತಾನೆ. ಕಣ್ಣು ಉರಿದರೆ, ತಲೆ ಕಾದರೆ ಅಂಗಾಲಿಗೆ ಹರಳೆಣ್ಣೆ ತಿಕ್ಕುವುದು ಕನ್ನಡದ ಮನೆಗಳಲ್ಲಿ ಜಾತಿಮತ ಕೇಳದೆ ನಡೆದು ಬಂದ ರೂಢಿ. ತಲೆಗೆ ದುಪ್ಪಟ್ಟಾ ಬಿಗಿದು, ಹಣೆಗೆ ಶುಂಠಿ ತೇದು ಹಚ್ಚಿ, ಅಂಗಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗುವ ಹೆಂಗಸು ಏಕಕಾಲಕ್ಕೆ ಇಬ್ನ್ ಸೀನಾ ಮತ್ತು ವಾಗ್ಭಟ ಇಬ್ಬರ ರೋಗಿಯೂ ಹೌದು. ಆದರೆ ಇವರಾರೂ ಅಂಗಾಲಿನಲ್ಲಿ ಪಿತ್ತಕೋಶ ಇಲ್ಲಿದೆ, ಮಿದುಳು ಅಲ್ಲಿದೆ ಎಂದು ಗೆರೆ ಎಳೆದು ನಕ್ಷೆ ಬರೆಯಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ನಡುವೆ ಹದಿನೇಳನೆಯ ಶತಮಾನದ ಇಂಗ್ಲೆಂಡಿಗೆ ಹೋಗಿಬರೋಣ. ಅಲ್ಲಿ ಒಬ್ಬಳು ಹೆಣ್ಣುಮಗಳಿದ್ದಾಳೆ. ಅರೆತಲೆನೋವಿನ ಇಡೀ ಚರಿತ್ರೆಯಲ್ಲಿ ಆಕೆಯಷ್ಟು ನಮ್ಮನ್ನು ಹಿಡಿದು ನಿಲ್ಲಿಸಿದವರು ಇನ್ನೊಬ್ಬರಿಲ್ಲ. ಹೆಸರು ಆನ್ ಕಾನ್‌ವೇ. 1631ರಲ್ಲಿ ಹುಟ್ಟಿದವಳು. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಜ್ವರ ಬಂದು ಹೋಯಿತು. ಜ್ವರ ಬಿಟ್ಟರೂ ತಲೆನೋವು ಬಿಡಲಿಲ್ಲ. ಹೆಣ್ಣಾದ್ದರಿಂದ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಅಣ್ಣನಿಗೆ ಕೇಂಬ್ರಿಜ್ಜಿನಲ್ಲಿ ಪಾಠ ಹೇಳುತ್ತಿದ್ದ ಹೆನ್ರಿ ಮೋರ್ ಎಂಬ ತತ್ವಜ್ಞಾನಿಗೆ ಪತ್ರ ಬರೆದು, ಪತ್ರದ ಮೂಲಕವೇ ತತ್ವಶಾಸ್ತ್ರ ಕಲಿತಳು. ಮದುವೆಯಾಗಿ ವಾರಿಕ್‌ಶೈರಿನ ರ್‍ಯಾಗ್ಲಿ ಎಂಬ ಎಸ್ಟೇಟಿನ ಒಡತಿಯಾದಳು. ಒಂದೇ ಒಂದು ಮಗು ಹುಟ್ಟಿ 1660ರಲ್ಲಿ ಸಿಡುಬಿಗೆ ಬಲಿಯಾಯಿತು. ತಲೆನೋವು ಮಾತ್ರ ಜೊತೆಗೇ ಇತ್ತು.

ಕಾಲದ ದೊಡ್ಡ ದೊಡ್ಡ ವೈದ್ಯರೆಲ್ಲ ಆಕೆಯ ತಲೆಯನ್ನು ನೋಡಿದರು. ರಕ್ತ ಪರಿಚಲನೆಯನ್ನು ಜಗತ್ತಿಗೆ ತೋರಿಸಿಕೊಟ್ಟ ವಿಲಿಯಮ್ ಹಾರ್ವಿ ನೋಡಿದ. ಮಿದುಳಿನ ಅಂಗರಚನೆಯನ್ನು ಬರೆದ ಥಾಮಸ್ ವಿಲ್ಲಿಸ್ ನೋಡಿದ; 1672ರ ತನ್ನ ಗ್ರಂಥದಲ್ಲಿ ಹೆಸರು ಹೇಳದೆ ಆತ ವರ್ಣಿಸಿದ ಕುಲೀನ ಮಹಿಳೆ ಈಕೆಯೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಪಾದರಸ ಕೊಟ್ಟರು. ರಕ್ತ ತೆಗೆದರು. 1656ರಲ್ಲಿ ಬುರುಡೆಗೆ ರಂಧ್ರ ಕೊರೆಸಲೆಂದು ಪ್ಯಾರಿಸ್ಸಿಗೆ ಹೋದಳು. ಅಲ್ಲಿಯ ಶಸ್ತ್ರವೈದ್ಯರು ಬುರುಡೆ ಮುಟ್ಟಲು ಹೆದರಿ ಕುತ್ತಿಗೆಯ ರಕ್ತನಾಳ ಕೊಯ್ದರು. ಗುಣವಾಗಲಿಲ್ಲ. ಝಹ್ರಾವಿಯ ಬೆಳ್ಳುಳ್ಳಿಯಿಂದ ಇದು ಎಷ್ಟು ಮುಂದೆ ಬಂದಂತಾಯಿತು ಎಂದು ಓದುಗರೇ ಹೇಳಬೇಕು.

ಆಮೇಲೆ ಗಂಡ ಐರ್ಲೆಂಡಿನಿಂದ ಒಬ್ಬನನ್ನು ಕರೆಸಿದ. ವ್ಯಾಲೆಂಟೈನ್ ಗ್ರೇಟ್‌ರೇಕ್ಸ್ ಅವನ ಹೆಸರು. ಜನ ಅವನನ್ನು ‘ಸವರುವವನು’ ಎಂದೇ ಕರೆಯುತ್ತಿದ್ದರು. ಹಿಂದೆ ಕ್ರಾಮ್‌ವೆಲ್ಲನ ಸೈನ್ಯದಲ್ಲಿದ್ದವನು, ಓದಿದ ವೈದ್ಯನಲ್ಲ. ತನ್ನ ಕೈಗೆ ದೇವರು ಗುಣಪಡಿಸುವ ಶಕ್ತಿ ಕೊಟ್ಟಿದ್ದಾನೆಂದು ನಂಬಿದ್ದ. ಅವನ ವಿಧಾನವೇ ನಮ್ಮ ಕಥೆಗೆ ಮುಖ್ಯ. ನೋವು ಇರುವ ಜಾಗವನ್ನು ಕೈಯಿಂದ ಸವರುತ್ತ ಸವರುತ್ತ ನೋವನ್ನು ಕೆಳಗೆ ಓಡಿಸುವುದು. ಭುಜಕ್ಕೆ ಓಡಿದರೆ ಭುಜ ಸವರುವುದು, ತೊಡೆಗೆ ಇಳಿದರೆ ತೊಡೆ ಸವರುವುದು. ಕೊನೆಗೆ ಕೈಬೆರಳು ಇಲ್ಲವೆ ಕಾಲ್ಬೆರಳ ತುದಿಯಿಂದ ನೋವನ್ನು ಹೊರಗೆ ದಾಟಿಸುವುದು. ದೃಷ್ಟಿ ತೆಗೆಯುವವರು, ಚೇಳಿನ ವಿಷ ಇಳಿಸುವವರು ನಮ್ಮಲ್ಲೂ ಹೀಗೆಯೇ ಮೇಲಿನಿಂದ ಕೆಳಕ್ಕೆ ಕೈಯಾಡಿಸಿ ಪಾದದ ತುದಿಯಲ್ಲಿ ಕೊಡವುತ್ತಾರೆ. ಹಕೀಮರು ರಸವನ್ನು ಕೆಳಗೆ ಸೆಳೆದರೆ ಈತ ನೋವನ್ನೇ ಕೆಳಗೆ ಅಟ್ಟಿದ. ಎರಡಕ್ಕೂ ಬಾಗಿಲು ಒಂದೇ, ಕಾಲ್ಬೆರಳು.

1666ರ ಜನವರಿಯಲ್ಲಿ ಗ್ರೇಟ್‌ರೇಕ್ಸ್ ರ್‍ಯಾಗ್ಲಿಗೆ ಬಂದ. ಮೋರ್ ಬಂದಿದ್ದ, ಕೇಂಬ್ರಿಜ್ಜಿನ ಇತರ ವಿದ್ವಾಂಸರೂ ಬಂದಿದ್ದರು. ಹೆನ್ರಿ ಸ್ಟಬ್ ಎಂಬ ವೈದ್ಯನೂ ಇದ್ದ. ಸುತ್ತಲಿನ ಹಳ್ಳಿಯ ಬಡವರು ಗುಂಪುಗುಂಪಾಗಿ ಬಂದು ಸವರಿಸಿಕೊಂಡರು. ಎಷ್ಟೋ ಜನ ನೋವು ಹೋಯಿತೆಂದು ಹೇಳಿ ಮನೆಗೆ ಮರಳಿದರು. ಆದರೆ ಯಾರಿಗಾಗಿ ಅವನನ್ನು ಕರೆಸಿದ್ದರೋ ಆಕೆಯ ತಲೆನೋವು ಒಂದಿಷ್ಟೂ ಅಲುಗಲಿಲ್ಲ. ಸ್ಟಬ್ ತಾನು ಕಂಡ ಅದ್ಭುತಗಳ ಬಗ್ಗೆ ಅದೇ ವರ್ಷ ಒಂದು ಪುಸ್ತಿಕೆ ಬರೆದು ಪ್ರಖ್ಯಾತ ವಿಜ್ಞಾನಿ ರಾಬರ್ಟ್ ಬಾಯ್ಲ್‌ಗೆ ಅರ್ಪಿಸಿದ. (ವಿಷಯಾಂತರವಾದರೂ ಹೇಳಿಬಿಡುತ್ತೇವೆ: ಇದೇ ಸ್ಟಬ್ ಮುಂದೆ ಇಸ್ಲಾಮಿನ ಉದಯದ ಬಗ್ಗೆ ಸಹಾನುಭೂತಿಯಿಂದ ಒಂದು ಗ್ರಂಥ ಬರೆದ. ಆ ಕಾಲದಲ್ಲಿ ಅಚ್ಚು ಹಾಕಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಸ್ತಪ್ರತಿಯಲ್ಲೇ ಉಳಿದಿದ್ದ ಅದನ್ನು 1911ರಲ್ಲಿ ಲಂಡನ್ನಿನಲ್ಲಿ ಸಂಪಾದಿಸಿ ಹೊರತಂದವರು ನಮ್ಮ ಉರ್ದುವಿನ ದೊಡ್ಡ ಸಂಶೋಧಕ ಹಾಫಿಝ್ ಮಹಮೂದ್ ಶೀರಾನಿ.)

ಆನ್ ಕಾನ್‌ವೇ ಮತ್ತೆ ಹದಿಮೂರು ವರ್ಷ ಬದುಕಿದಳು. ನೋವಿನ ನಡುವಿನ ಬಿಡುವಿನಲ್ಲಿ ಒಂದು ಸಣ್ಣ ಪುಸ್ತಕದಲ್ಲಿ ಸೀಸದ ಕಡ್ಡಿಯಿಂದ ಬರೆಯುತ್ತಿದ್ದಳು. ಅಕ್ಷರ ಎಷ್ಟು ಸಣ್ಣದು, ಎಷ್ಟು ಮಸುಕೆಂದರೆ ಓದುವುದೇ ಕಷ್ಟವಾಗಿತ್ತು. 1679ರಲ್ಲಿ ಆಕೆ ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ ಅದು ಲ್ಯಾಟಿನ್ನಿನಲ್ಲಿ ಅಚ್ಚಾಯಿತು, ಲೇಖಕಿಯ ಹೆಸರಿಲ್ಲದೆ. ದೇಹ ಬೇರೆ, ಆತ್ಮ ಬೇರೆ ಎಂಬ ದೇಕಾರ್ತನ ವಾದವನ್ನು ಅದು ಒಪ್ಪುವುದಿಲ್ಲ. ಎರಡೂ ಬೇರೆಬೇರೆ ಎಂದಾದರೆ ದೇಹಕ್ಕೆ ಪೆಟ್ಟಾದಾಗ ಆತ್ಮ ಏಕೆ ನರಳಬೇಕು ಎಂಬ ಪ್ರಶ್ನೆ ಅದರಲ್ಲಿದೆ. ಮೂವತ್ತೈದು ವರ್ಷ ತಲೆ ನೋಯಿಸಿಕೊಂಡವಳಿಗೆ ಆ ಪ್ರಶ್ನೆ ಕೇಳುವ ಹಕ್ಕು ಯಾವ ತತ್ವಜ್ಞಾನಿಗಿಂತ ಹೆಚ್ಚಿತ್ತು. ಜರ್ಮನಿಯ ಲೈಬ್‌ನಿಟ್ಸ್ ಆ ಪುಸ್ತಕವನ್ನು ಮೆಚ್ಚಿಕೊಂಡಿದ್ದ.

ಇನ್ನು ರಿಫ್ಲೆಕ್ಸಾಲಜಿಗೆ ಬರೋಣ. ‘ಪ್ರಾಚೀನ’ ಎನ್ನುವುದಕ್ಕೆ ಅದರವರು ಕೊಡುವ ದೊಡ್ಡ ಸಾಕ್ಷಿ ಈಜಿಪ್ಟಿನ ಸಕ್ಕಾರಾದಲ್ಲಿರುವ ಅಂಖ್‌ಮಾಹೋರ್‌ನ ಗೋರಿ. ಕ್ರಿಸ್ತಪೂರ್ವ ಸುಮಾರು 2300ರ ಕಾಲದ್ದು. ಅದರ ಗೋಡೆಯ ಕೆತ್ತನೆಯಲ್ಲಿ ಇಬ್ಬರು ಇನ್ನಿಬ್ಬರ ಕೈಕಾಲು ಹಿಡಿದು ಏನೋ ಮಾಡುತ್ತಿದ್ದಾರೆ. ಅದೇ ಗೋರಿಯಲ್ಲಿ ಖತ್ನಾ ದೃಶ್ಯವೂ ಇರುವುದರಿಂದ ‘ವೈದ್ಯನ ಗೋರಿ’ ಎಂಬ ಹೆಸರು ಬಿತ್ತು. ಅಂಖ್‌ಮಾಹೋರ್ ವೈದ್ಯನೇನೂ ಅಲ್ಲ, ಫೆರೋನ ವಜೀರ. ಆ ಕೈಗಳು ಉಗುರು ಕತ್ತರಿಸುತ್ತಿವೆಯೋ, ಗಾಯಕ್ಕೆ ಮದ್ದು ಹಚ್ಚುತ್ತಿವೆಯೋ, ಮಾಲೀಸು ಮಾಡುತ್ತಿವೆಯೋ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಮಾಲೀಸೇ ಎಂದಿಟ್ಟುಕೊಂಡರೂ ಪಾದ ತಿಕ್ಕುವುದು ಬೇರೆ, ಪಾದದಲ್ಲಿ ದೇಹದ ನಕ್ಷೆ ಓದುವುದು ಬೇರೆ.

ನಕ್ಷೆಯ ನಿಜವಾದ ಊರು ಅಮೆರಿಕ, ವಯಸ್ಸು ನೂರು ವರ್ಷಕ್ಕಿಂತ ತುಸು ಹೆಚ್ಚು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ವಿಲಿಯಮ್ ಫಿಟ್ಸ್‌ಜೆರಾಲ್ಡ್ ಎಂಬ ಕಿವಿ-ಮೂಗು-ಗಂಟಲಿನ ಡಾಕ್ಟರಿದ್ದರು. ಬೆರಳನ್ನು ಬಲವಾಗಿ ಒತ್ತಿದರೆ ಮುಖದ ಒಂದು ಭಾಗ ಮರಗಟ್ಟಿದಂತಾಗುತ್ತದೆ ಎಂದು ಅವರಿಗೆ ಕಂಡಿತು. ದೇಹವನ್ನು ತಲೆಯಿಂದ ಕಾಲಿನವರೆಗೆ ಉದ್ದುದ್ದಕ್ಕೆ ಹತ್ತು ಪಟ್ಟಿಗಳಾಗಿ ಸೀಳಿ, ಒಂದೊಂದು ಬೆರಳಿಗೆ ಒಂದೊಂದು ಪಟ್ಟಿ ಎಂದು ಹಂಚಿದರು. ಬೆರಳಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಲೋಹದ ಬಾಚಣಿಗೆ ಒತ್ತಿ ನೋವು ಕಳೆಯಲು ಹೊರಟರು. 1917ರಲ್ಲಿ ಎಡ್ವಿನ್ ಬೋವರ್ಸ್ ಜೊತೆಗೂಡಿ ಪುಸ್ತಕ ಬರೆದರು. ಜೊತೆಯ ಡಾಕ್ಟರುಗಳು ನಕ್ಕರು. ಜೋ ಶೆಲ್ಬಿ ರೈಲಿ ಎಂಬೊಬ್ಬರು ಮಾತ್ರ ಇದನ್ನು ಮುಂದುವರಿಸಿ ಪಾದದ ಚಿತ್ರಗಳನ್ನು ಬರೆದರು.

ಅವರ ಬಳಿ 1930ರ ದಶಕದಲ್ಲಿ ಕೆಲಸಕ್ಕಿದ್ದವಳು ಯೂನಿಸ್ ಇಂಗಮ್. ಕ್ಲಿಪ್ಪು ಬಾಚಣಿಗೆಗಳನ್ನೆಲ್ಲ ಬದಿಗಿಟ್ಟು ಆಕೆ ಪಾದವನ್ನೇ ಆರಿಸಿಕೊಂಡಳು. ರೋಗಿಗಳ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತುತ್ತ, ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಗುರುತು ಹಾಕಿಕೊಳ್ಳುತ್ತ ಹೋದಳು. ಹೆಬ್ಬೆರಳು ತಲೆಯಾಯಿತು, ಬೆರಳುಗಳ ಬುಡ ಕಣ್ಣು-ಕಿವಿ, ನಡುಪಾದ ಹೊಟ್ಟೆ, ಹಿಮ್ಮಡಿಯ ಸುತ್ತ ಗರ್ಭಕೋಶ. 1938ರಲ್ಲಿ ಆಕೆಯ ಮೊದಲ ಪುಸ್ತಕ ಬಂತು. ಅನಂತರ 1974ರಲ್ಲಿ ತೀರಿಕೊಳ್ಳುವ ಕೆಲವೇ ವರ್ಷ ಮೊದಲಿನವರೆಗೂ ಊರೂರು ಸುತ್ತಿ ಕಲಿಸಿದಳು. ಇಂದು ಮಾಲಿನ ಗೋಡೆಯ ಮೇಲಿರುವ ಚಿತ್ರ ಈಕೆಯದೇ ಮಗಳು, ಮೊಮ್ಮಗಳು.

ಹಾಗಾದರೆ ಚೀನಾ? ಅಲ್ಲಿಯ ವೈದ್ಯದಲ್ಲಿ ಪಾದಕ್ಕೆ ಒಂದು ಸ್ಥಾನವಿದೆ, ನಿಜ. ಆದರೆ ಪೂರ್ವ ಏಷ್ಯಾದ ಬೀದಿಗಳಲ್ಲಿ ಕಾಣುವ ಪಾದದ ಮಾಲೀಸು ಅಂಗಡಿಗಳ ಹಿಂದೆ ಜೋಸೆಫ್ ಯೂಗ್‌ಸ್ಟರ್ ಎಂಬ ಸ್ವಿಸ್ ಪಾದ್ರಿ ನಿಂತಿದ್ದಾರೆ. 1970ರಲ್ಲಿ ತೈವಾನಿಗೆ ಹೋದ ಅವರು ತಮ್ಮ ಕೀಲುನೋವಿಗೆ ಸ್ವಿಸ್ ದಾದಿಯೊಬ್ಬರ ಪುಸ್ತಕ ನೋಡಿ ಪಾದ ಒತ್ತಿಕೊಂಡರು. ಗುಣ ಕಂಡು ಊರಿನವರಿಗೆ ಕಲಿಸಿದರು. ಅಲ್ಲಿಂದ ಅದು ಹಬ್ಬಿತು. ಅಮೆರಿಕದಲ್ಲಿ ಹುಟ್ಟಿದ್ದು ಯುರೋಪಿಗೆ ಹೋಗಿ, ಪಾದ್ರಿಯ ಜೋಳಿಗೆಯಲ್ಲಿ ತೈವಾನಿಗೆ ಬಂದು, ‘ಪ್ರಾಚೀನ ಚೀನಾ’ ಎಂಬ ಚೀಟಿ ಅಂಟಿಸಿಕೊಂಡು ಬೆಂಗಳೂರಿಗೆ ಇಳಿದಿದೆ. ಕಥೆ ಬರೆಯುವ ನಾವು ಇಂಥ ಕಥೆ ಕಟ್ಟಿದರೆ ಸಂಪಾದಕರು ನಂಬುತ್ತಿರಲಿಲ್ಲ.

ಇಂಗಮ್‌ಳ ಪುಸ್ತಕ ಬಂದ 1938ರಲ್ಲೇ, ಅದೇ ಅಮೆರಿಕದಲ್ಲಿ, ಇನ್ನೊಂದು ಘಟನೆ ನಡೆಯಿತು. ಗ್ರಹಾಂ ಮತ್ತು ಹೆರಾಲ್ಡ್ ವೋಲ್ಫ್ ಎಂಬ ವೈದ್ಯರು ಎರ್ಗೋಟಮೀನ್ ಔಷಧಿ ಕೊಟ್ಟಾಗ ಹಣೆಯ ಪಕ್ಕದ ರಕ್ತನಾಳದ ಬಡಿತ ತಗ್ಗುತ್ತದೆ, ಅದರೊಂದಿಗೆ ನೋವೂ ತಗ್ಗುತ್ತದೆ ಎಂದು ಅಳೆದು ತೋರಿಸಿದರು. ಮೈಗ್ರೇನಿನ ಆಧುನಿಕ ಸಂಶೋಧನೆಗೆ ಅದೊಂದು ಮೈಲಿಗಲ್ಲು. ಆದರೆ ಇದೇ ವೋಲ್ಫ್ ‘ಮೈಗ್ರೇನ್ ಸ್ವಭಾವ’ ಎಂಬ ಮಾತನ್ನೂ ಬೆಳೆಸಿದರು. ಗಂಡಸಿಗೆ ಬಂದರೆ ಅದು ಅವನ ಮಹತ್ವಾಕಾಂಕ್ಷೆಯ ಫಲ. ಹೆಂಗಸಿಗೆ ಬಂದರೆ ಅವಳ ದಾಂಪತ್ಯದ ಅತೃಪ್ತಿ, ಹೆಂಡತಿಯ ಪಾತ್ರಕ್ಕೆ ಹೊಂದಿಕೊಳ್ಳಲಾರದ ಮನಸ್ಸು! ಡಾಕ್ಟರ ಕೋಣೆಯಿಂದ ಇಂಥ ಮಾತು ಕೇಳಿ ಹೊರಬಂದ ಹೆಂಗಸು ತನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ‘ಎಲ್ಲಿ ನೋಯುತ್ತದಮ್ಮ’ ಎಂದು ಕೇಳುವ ಇನ್ನೊಬ್ಬ ಹೆಂಗಸಿನ ಬಳಿ ಹೋದರೆ ಅದರಲ್ಲಿ ಆಶ್ಚರ್ಯವೇನಿದೆ? ರಿಫ್ಲೆಕ್ಸಾಲಜಿ ಹಬ್ಬಿದ್ದಕ್ಕೆ ಅದರ ನಕ್ಷೆಗಿಂತ ಇದೇ ದೊಡ್ಡ ಕಾರಣ ಎಂದು ನಮಗನ್ನಿಸುತ್ತದೆ.

ಗುಣವಾಗುತ್ತದೆಯೇ? ಡೆನ್ಮಾರ್ಕಿನಲ್ಲಿ ತಲೆನೋವಿನ 220 ರೋಗಿಗಳನ್ನು 78 ರಿಫ್ಲೆಕ್ಸಾಲಜಿ ಉಪಚಾರಕರು ನೋಡಿಕೊಂಡ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಐವರಲ್ಲಿ ನಾಲ್ವರು ತಮಗೆ ಅನುಕೂಲವಾಯಿತು ಎಂದರು. ಕೇಳಲು ದೊಡ್ಡ ಗೆಲುವು. ಆದರೆ ಅದರಲ್ಲಿ ಉಪಚಾರವಿಲ್ಲದ ಇನ್ನೊಂದು ಗುಂಪನ್ನು ಇಟ್ಟು ಹೋಲಿಸಿರಲಿಲ್ಲ. ಅರೆತಲೆನೋವು ತಾನಾಗಿಯೇ ಬಂದು ಹೋಗುವ, ಕೆಲವು ತಿಂಗಳು ಉಲ್ಬಣಿಸಿ ಕೆಲವು ತಿಂಗಳು ತಗ್ಗುವ ಕಾಯಿಲೆ. ಉಲ್ಬಣಿಸಿದಾಗಲೇ ನಾವು ಉಪಚಾರಕ್ಕೆ ಓಡುತ್ತೇವೆ; ಆಮೇಲೆ ತಗ್ಗಿದರೆ ಕೀರ್ತಿ ಉಪಚಾರಕ್ಕೆ. ಎಡ್ಜರ್ಡ್ ಅರ್ನ್‌ಸ್ಟ್ 2009ರಲ್ಲಿ ರಿಫ್ಲೆಕ್ಸಾಲಜಿ ಕುರಿತ, ಹೋಲಿಕೆಯ ಗುಂಪುಗಳಿದ್ದ 18 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಯಾವುದೇ ಕಾಯಿಲೆಗೆ ಇದು ಮದ್ದು ಎಂದು ನಂಬಲು ತಕ್ಕ ಆಧಾರ ಅವರಿಗೆ ಸಿಗಲಿಲ್ಲ. ಹೆಬ್ಬೆರಳಿನಿಂದ ತಲೆಗೆ, ಹಿಮ್ಮಡಿಯಿಂದ ಗರ್ಭಕೋಶಕ್ಕೆ ಅಂಥ ನರದ ಹಾದಿಯನ್ನು ಅಂಗರಚನಾ ಶಾಸ್ತ್ರ ಕಂಡಿಲ್ಲ. ನಕ್ಷೆಗಳೂ ಪಂಥದಿಂದ ಪಂಥಕ್ಕೆ ಬೇರೆಬೇರೆ.

ಆದರೆ ನಕ್ಷೆ ಸುಳ್ಳಾದರೆ ಕೈಯೂ ಸುಳ್ಳಾಗಬೇಕಿಲ್ಲ. ಅರ್ಧ ಗಂಟೆ ಯಾರಾದರೂ ಪಾದ ಒತ್ತಿದರೆ ಮೈ ಸಡಿಲವಾಗುತ್ತದೆ, ನಿದ್ದೆ ಹತ್ತುತ್ತದೆ. ನಿದ್ದೆಗೆಡುವುದು, ಒತ್ತಡ, ಊಟದ ಹೊತ್ತು ತಪ್ಪುವುದು ಮೈಗ್ರೇನನ್ನು ಎಬ್ಬಿಸುತ್ತವೆ ಎಂಬುದಂತೂ ನಿಶ್ಚಿತ. ಇನ್ನೊಂದು ಸಂಗತಿ ನಮ್ಮ ಊರಿನದೇ. 2016ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಂಶೋಧಕರ ಸಣ್ಣ ಅಧ್ಯಯನದಲ್ಲಿ 40 ಮೈಗ್ರೇನ್ ರೋಗಿಗಳಿದ್ದರು. ಎಲ್ಲರಿಗೂ ಮಾಮೂಲು ಮಾತ್ರೆ. ಅರ್ಧದಷ್ಟು ಜನರಿಗೆ ಅದರ ಜೊತೆಗೆ ಕೈಕಾಲುಗಳನ್ನು ಬಿಸಿನೀರಿನಲ್ಲಿಟ್ಟು ತಲೆಗೆ ಮಂಜುಗಡ್ಡೆ ಸವರುವ ಉಪಚಾರ, ದಿನಕ್ಕೆ 20 ನಿಮಿಷದಂತೆ 45 ದಿನ. ಜೊತೆಗೆ ಉಪಚಾರ ಪಡೆದವರಲ್ಲಿ ನೋವು ಹೆಚ್ಚು ತಗ್ಗಿತು. ರೋಗಿಗೆ ತಾನು ಏನು ಪಡೆಯುತ್ತಿದ್ದೇನೆಂದು ಗೊತ್ತಿರುವ ಇಂಥ ಪ್ರಯೋಗದಿಂದ ದೊಡ್ಡ ತೀರ್ಮಾನಕ್ಕೆ ಹೋಗಲಾಗದು. ಆದರೂ ಪಾಶೋಯಾ ಮಾಡಿಸುತ್ತಿದ್ದ ಹಕೀಮರು ಇದನ್ನು ಓದಿದ್ದರೆ ಮೀಸೆಯಡಿ ನಗುತ್ತಿದ್ದರು. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಇಂಥ ಕ್ರಮಗಳನ್ನು ‘ಇಲಾಜ್ ಬಿತ್ತದ್ಬೀರ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ವಿಷಯವಾಗಿಯೇ ಕಲಿಸುತ್ತಾರೆ.

ಜೊತೆಗೆ ಎಂಬ ಮಾತಿಗೆ ಒತ್ತು ಕೊಟ್ಟೇ ಹೇಳುತ್ತಿದ್ದೇವೆ. ಇಂದು ಮೈಗ್ರೇನಿಗೆ ನಿಜವಾದ ಔಷಧಿಗಳಿವೆ. 1991ರಿಂದ ಬಳಕೆಗೆ ಬಂದ ಸುಮಾಟ್ರಿಪ್ಟಾನ್ ಇದೆ. ನೋವಿನ ಹಿಂದಿರುವ ಸಿ.ಜಿ.ಆರ್.ಪಿ. ಎಂಬ ಪದಾರ್ಥವನ್ನೇ ತಡೆಯುವ ಚುಚ್ಚುಮದ್ದು 2018ರಿಂದ ಬಂದಿದೆ. ಪಾದ ಒತ್ತಿಸಿಕೊಂಡೆನೆಂದು ಡಾಕ್ಟರು ಕೊಟ್ಟ ಮಾತ್ರೆ ಬಿಡಬಾರದು. ಮಾತ್ರೆ ಇದೆಯೆಂದು ಅಂಗಡಿಯಿಂದ ತಂದು ತಿಂಗಳಿಗೆ ಹದಿನೈದು ದಿನ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವನ್ನು ಹೆಚ್ಚಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಬಿಸಿನೀರನ್ನು ಇನ್ನೊಬ್ಬರಿಂದ ಮುಟ್ಟಿ ನೋಡಿಸಿಯೇ ಕಾಲಿಡಬೇಕು. ಹಿಂದೆಂದೂ ಕಾಣದ ಸಿಡಿಲು ಬಡಿದಂಥ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ಇವು ಕಂಡರೆ ಪಾದದ ಹತ್ತಿರ ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಓಡುವ ಹೊತ್ತು.

ನಮ್ಮ ಮನೆಗಳಲ್ಲಿ ಕಾಲೊತ್ತುವುದು ಹೊಸದಲ್ಲ. ಹೊಲದಿಂದ, ಅಂಗಡಿಯಿಂದ ಬಂದ ಅಬ್ಬಾನ ಕಾಲು ಒತ್ತುತ್ತಾರೆ. ಅತ್ತೆಯ ಕಾಲು ಒತ್ತುತ್ತಾರೆ. ಮದರಸಾದಲ್ಲಿ ಉಸ್ತಾದರ ಕಾಲು, ದರ್ಗಾದಲ್ಲಿ ಪೀರರ ಕಾಲು. ಒತ್ತುವ ಕೈ ಹೆಚ್ಚಾಗಿ ಮನೆಯ ಸೊಸೆಯದು, ಮಗಳದು. ಪಾದಸೇವೆ ಎಂಬುದು ಕಿರಿಯರಿಂದ ಹಿರಿಯರಿಗೆ, ಹೆಣ್ಣಿನಿಂದ ಗಂಡಿಗೆ ಏರುವ ನೀರು; ಕೆಳಗೆ ಹರಿದದ್ದನ್ನು ನಾವು ಕಂಡದ್ದು ಕಡಿಮೆ. ಮೂವತ್ತೈದು ವರ್ಷದ ಸೊಸೆ ತಲೆಗೆ ದುಪ್ಪಟ್ಟಾ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದರೆ ‘ನಿಂದು ಯಾವಾಗಲೂ ಇದ್ದದ್ದೇ’ ಎಂಬ ಮಾತು ಬರುತ್ತದೆಯೇ ಹೊರತು ಬಿಸಿನೀರಿನ ಬೋಗುಣಿ ಬರುವುದಿಲ್ಲ. ರಿಫ್ಲೆಕ್ಸಾಲಜಿ ಅಂಗಡಿಯಲ್ಲಿ ಆಕೆ ದುಡ್ಡು ಕೊಟ್ಟು ಪಡೆಯುವುದು ಈ ಅರ್ಧ ಗಂಟೆಯನ್ನೇ. ಮೈಗ್ರೇನ್ ಅತಿ ಹೆಚ್ಚು ಕಾಡುವುದು ಮೂವತ್ತರಿಂದ ನಲವತ್ತೈದರ ನಡುವೆ, ಮಕ್ಕಳು ಚಿಕ್ಕವರಿದ್ದು ಮನೆಯ ಭಾರ ಮೈಮೇಲಿರುವ ವರ್ಷಗಳಲ್ಲಿ. ಮುಟ್ಟು ನಿಂತ ಮೇಲೆ ಬಹಳಷ್ಟು ಹೆಂಗಸರಲ್ಲಿ ಅದು ತಗ್ಗುತ್ತದೆ. ಆಕೆಯ ಮನೆಗೆ ಸೊಸೆ ಬಂದು, ರಾತ್ರಿ ಊಟವಾದ ಮೇಲೆ ಅವಳ ಪಾದದ ಬಳಿ ಕೂತು ಕಾಲೊತ್ತುವ ಹೊತ್ತಿಗೆ ತಲೆನೋವು ಸಾಮಾನ್ಯವಾಗಿ ಬಿಟ್ಟು ಹೋಗಿರುತ್ತದೆ.